ಅಣುಬಾಂಬ್ ಸಿಡಿಸಿದರಂತೆ ಅಂತ ಫಾರ್ವರ್ಡ್ ಬಂದರೆ ಮನೆಯಲ್ಲೇ ಕೂತು ಪರಿಶೀಲಿಸುವುದು ಹೇಗೆ?

2020ರ ಮೇ 20, ಮಧ್ಯಾಹ್ನ ಊಟದ ಹೊತ್ತು. ಬೆಂಗಳೂರಿನಲ್ಲಿ ಢಂ ಅಂತ ಸದ್ದಾಗಿ ಕಿಟಕಿ ಗಾಜೆಲ್ಲ ಅದುರಿದ್ದು ನೆನಪಿದೆ ಅಲ್ವಾ? ಐದೇ ನಿಮಿಷದಲ್ಲಿ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಭೂಕಂಪ, ಬಾಂಬ್, ಉಲ್ಕೆ ಎಲ್ಲವೂ ಬಂದುಹೋದವು. ಭೂಕಂಪಮಾಪಕಗಳಲ್ಲಿ ಮಾತ್ರ ಏನೂ ದಾಖಲಾಗಿರಲಿಲ್ಲ. ಅಂದರೆ ಸದ್ದು ನೆಲದೊಳಗಿನದಲ್ಲ, ಆಕಾಶದ್ದು. ಆಮೇಲೆ ರಕ್ಷಣಾ ಇಲಾಖೆ ಹೇಳಿತು, ವಾಯುಪಡೆಯ ವಿಮಾನ ಶಬ್ದದ ವೇಗ ದಾಟಿದ್ದು ಅಂತ.

ಅಣು ಪರೀಕ್ಷೆಯ ಸುದ್ದಿಯನ್ನೂ ಹೀಗೇ ಸೋಸಬೇಕು. ಸುದ್ದಿ ನಿಜವಾಗಿದ್ದರೆ ಎಲ್ಲೆಲ್ಲಿ ಗುರುತು ಉಳಿಯಬೇಕಿತ್ತು ಅಂತ ಮೊದಲು ಯೋಚಿಸಿ, ಆಮೇಲೆ ಅಲ್ಲಿಗೇ ಹೋಗಿ ನೋಡಿ.

ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ಭೂಕಂಪ ಪಟ್ಟಿ ಯಾರಿಗೆ ಬೇಕಾದರೂ ಉಚಿತ. ಅಭ್ಯಾಸಕ್ಕೆ 2017ರ ಸೆಪ್ಟೆಂಬರ್ 3, ಉತ್ತರ ಕೊರಿಯಾ ಅಂತ ಹುಡುಕಿ. ತೀವ್ರತೆ 6.3, ಆಳ ಸೊನ್ನೆ. ಈಗ ಸಮಯ ನೋಡಿ. ನಮ್ಮ ಗಡಿಯಾರದಲ್ಲಿ ಭಾನುವಾರ ಬೆಳಿಗ್ಗೆ ಸರಿಯಾಗಿ 9 ಗಂಟೆ, ನಾವು ದೋಸೆಗೆ ಕ್ಯೂ ನಿಂತಿರುವ ಹೊತ್ತು. ಅದಕ್ಕೂ ಹಿಂದಿನ ಎರಡು ಪರೀಕ್ಷೆ 2016ರಲ್ಲಿ ನಡೆದವು. ಜನವರಿ 6ರದ್ದು ನಮ್ಮ 7 ಗಂಟೆಗೆ, ಸೆಪ್ಟೆಂಬರ್ 9ರದ್ದು 6 ಗಂಟೆಗೆ. ಭೂಕಂಪ ಹೀಗೆ ಗಂಟೆ ನೋಡಿಕೊಂಡು ಬರುವುದಿಲ್ಲ. 2017ರದ್ದಾದ ಎಂಟೂವರೆ ನಿಮಿಷಕ್ಕೆ ಅಲ್ಲೇ ಇನ್ನೊಂದು ಚಿಕ್ಕ ಕಂಪನವೂ ಇದೆ, ಒಳಗೆ ಕುಸಿದಿದ್ದು.

ಆದರೆ ಆಳ ಕಡಿಮೆ, ಸಮಯ ಸರಿಯಾಗಿದೆ ಅಂತ ಹಾರಾಡಬೇಡಿ. ಕಲ್ಲು ಕ್ವಾರಿಯ ಸ್ಫೋಟವೂ ಹಾಗೇ ಇರುತ್ತದೆ. ಅಲೆಯ ಆಕಾರ ಹೆಚ್ಚು ಹೇಳುತ್ತದೆ. ಸ್ಫೋಟ ಎಲ್ಲ ಕಡೆಗೂ ಒಟ್ಟಿಗೆ ತಳ್ಳುತ್ತದೆ, ಹಾಗಾಗಿ ಮೊದಲ ಅಲೆ ಜೋರು, ಹಿಂದೆ ಬರುವ ಮೇಲ್ಮೈ ಅಲೆ ಸಪ್ಪೆ. ಭೂಕಂಪದಲ್ಲಿ ಬಂಡೆ ಜಾರುತ್ತದೆ, ಹಿಂದಿನ ಅಲೆಗಳೇ ಜಾಸ್ತಿ. ಇದನ್ನೇ ಕೇಳಿಸಿಕೊಳ್ಳಲು ನಮ್ಮ ಪಕ್ಕದ ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪಮಾಪಕಗಳ ಸಾಲಿದೆ. ಬ್ರಿಟನ್ ಸಹಕಾರದಲ್ಲಿ ಹಾಕಿದ್ದು, ಈಗ ಭಾಭಾ ಅಣು ಸಂಶೋಧನಾ ಕೇಂದ್ರ (ಬಾರ್ಕ್) ನಡೆಸುತ್ತದೆ. ಒಂದೇ ಅಲೆ ಒಂದೊಂದು ಮಾಪಕಕ್ಕೆ ಎಷ್ಟು ತಡವಾಗಿ ತಲುಪಿತು ಅಂತ ಲೆಕ್ಕ ಹಾಕಿದರೆ ಅದು ಯಾವ ದಿಕ್ಕಿನಿಂದ ಬಂತು ಅಂತ ಗೊತ್ತಾಗುತ್ತದೆ.

ಇನ್ನೊಂದು ಎಚ್ಚರಿಕೆ. 1998ರ ಮೇ 13ರಂದು ಪೋಖರಣ್‌ನಲ್ಲಿ ನಾವೇ ಮಾಡಿದ ಎರಡು ಚಿಕ್ಕ ಪರೀಕ್ಷೆ ಹೊರದೇಶದ ಮಾಪಕಗಳಿಗೆ ಸಿಗಲೇ ಇಲ್ಲ. ಅಂದರೆ ದೊಡ್ಡ ಸ್ಫೋಟದ ಸುದ್ದಿಯಾದರೆ ಮಾಪಕದ ಮೌನವೇ ಉತ್ತರ, ಚಿಕ್ಕದಾದರೆ ಆ ಮೌನದಿಂದ ಏನೂ ತಿಳಿಯುವುದಿಲ್ಲ.

ಬಂಡೆಯ ಬಿರುಕಿನಿಂದ ಸೋರುವ ವಿಕಿರಣಶೀಲ ಕ್ಸೆನಾನ್ ಅನಿಲ ಸಿಕ್ಕರೆ ಅಣು ಸ್ಫೋಟವೇ ಅನ್ನುವುದಕ್ಕೆ ಗಟ್ಟಿ ಸಾಕ್ಷಿ. 2013ರ ಫೆಬ್ರವರಿಯ ಕೊರಿಯಾ ಪರೀಕ್ಷೆಯದ್ದು ಜಪಾನಿನ ಕೇಂದ್ರಕ್ಕೆ ಸಿಗಲು ಸುಮಾರು 55 ದಿನ ಬೇಕಾಯಿತು. ಇದು ನಮ್ಮ ನಿಮ್ಮ ಕೈಲಾಗುವ ಕೆಲಸ ಅಲ್ಲ, ಸುಮ್ನೆ ಕಾಯಬೇಕು.

ಸುದ್ದಿ ಸ್ಫೋಟದ್ದಲ್ಲ, ಅಣ್ವಸ್ತ್ರ ನೆಲೆಯ ಕಟ್ಟಡದ್ದು ಅಂದರೆ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿವೆ, ಅವೂ ಉಚಿತ. ಮೊದಲು ಮೆಜೆಸ್ಟಿಕ್ ಬಸ್ ನಿಲ್ದಾಣ ತೆರೆದು ನೋಡಿ. ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್, ಹೆಚ್ಚುಕಮ್ಮಿ ಒಂದು ಬಿಎಂಟಿಸಿ ಬಸ್ಸು. ಅಂಥ ಚಿತ್ರದಲ್ಲಿ ಕ್ಷಿಪಣಿ ಕಂಡೆ ಅನ್ನುವವರನ್ನು ನಂಬಬೇಡಿ, ಆದರೆ ಹೊಸ ರಸ್ತೆ, ಅಗೆದ ಮಣ್ಣು ಚೆನ್ನಾಗಿ ಕಾಣುತ್ತವೆ. 2021ರಲ್ಲಿ ಚೀನಾದ ಯುಮೆನ್ ಮರುಭೂಮಿಯಲ್ಲಿ ಕಟ್ಟುತ್ತಿದ್ದ ಸುಮಾರು 120 ಕ್ಷಿಪಣಿ ಗುಂಡಿಗಳನ್ನು ಅಮೆರಿಕದ ಖಾಸಗಿ ಸಂಶೋಧಕರು ಪತ್ತೆ ಮಾಡಿದ್ದು ಯಾರು ಬೇಕಾದರೂ ಕೊಳ್ಳಬಹುದಾದ ಉಪಗ್ರಹ ಚಿತ್ರಗಳಿಂದಲೇ.

ಕಷ್ಟ ಇರುವುದು ಎಣಿಕೆಯಲ್ಲಿ. ಆಕಾಶದಿಂದ ಗುಂಡಿ ಕಾಣುತ್ತದೆ, ಒಳಗಿನ ಸಿಡಿತಲೆ ಕಾಣುವುದಿಲ್ಲ. ಅಮೆರಿಕ ಮತ್ತು ರಷ್ಯಾದ ನ್ಯೂ ಸ್ಟಾರ್ಟ್ ಒಪ್ಪಂದದಲ್ಲಿ ಸಜ್ಜಾಗಿಟ್ಟ ಸಿಡಿತಲೆಗೆ 1550ರ ಮಿತಿ, ವರ್ಷಕ್ಕೆ 18 ತಪಾಸಣೆ. ತಪಾಸಕರು ಕ್ಷಿಪಣಿಯ ಹತ್ತಿರವೇ ಹೋಗುತ್ತಿದ್ದರು, ಆದರೆ ಸಿಡಿತಲೆಗಳ ಮೇಲೆ ಹೊದಿಕೆ. ಕಂಬಳಿ ಹೊದ್ದು ಮಲಗಿದ ಮಕ್ಕಳ ತಲೆ ಎಣಿಸಿದ ಹಾಗೆ ಉಬ್ಬುಗಳನ್ನು ಎಣಿಸಿಕೊಂಡು ಬರುವುದು. ಕೋವಿಡ್ ಬಂತು, 2020ರ ಮಾರ್ಚ್‌ನಲ್ಲಿ ಅದು ನಿಂತಿತು. 2023ರಲ್ಲಿ ರಷ್ಯಾ ಒಪ್ಪಂದವನ್ನೇ ಅಮಾನತಿನಲ್ಲಿಟ್ಟಿತು, 2026ರ ಫೆಬ್ರವರಿ 5ಕ್ಕೆ ಅದರ ಅವಧಿಯೂ ಮುಗಿಯಿತು.

ಹಾಗಾಗಿ ಇಂಥ ದೇಶದಲ್ಲಿ ಇಷ್ಟೇ ಬಾಂಬ್ ಇವೆ ಅಂತ ಖಚಿತ ಸಂಖ್ಯೆ ಬಂದಾಗ ನಾನು ಗ್ರೂಪಿನಲ್ಲಿ ಒಂದೇ ಪ್ರಶ್ನೆ ಹಾಕುತ್ತೇನೆ: ಯಾರು ಎಣಿಸಿದ್ದು ಸಾರ್, ಯಾವಾಗ? ಮೂರನೇ ಮಹಡಿಯ ಅಂಕಲ್ ಇನ್ನೂ ಉತ್ತರ ಕೊಟ್ಟಿಲ್ಲ.