800 ಮಿಲಿಮೀಟರಿನಲ್ಲಿ ಒಂದು ಕಾಗದದ ದಪ್ಪ

ಜಿಲ್ಲಾ ಮೈದಾನವೊಂದರಲ್ಲಿ ನಡೆದ ಕ್ರಿಕೆಟ್ ಪಂದ್ಯದ ನೇರ ಪ್ರಸಾರಕ್ಕೆ ಬೌಲರ್ ಬೆನ್ನ ಹಿಂದಿನ ಕ್ಯಾಮೆರಾವನ್ನು ಮೊದಲ ಬಾರಿ ನನಗೆ ಒಪ್ಪಿಸಿದಾಗ, ಸ್ಟೆಬಿಲೈಜರ್ ಇರುವ ಲೆನ್ಸ್ ಕೈಗೆ ಬಂದಿದೆ, ಇನ್ನು ಅಲುಗಾಟದ ಚಿಂತೆಯಿಲ್ಲ ಎಂದೇ ನಂಬಿದ್ದೆ. ಕಬ್ಬಿಣದ ಪೈಪುಗಳನ್ನು ಜೋಡಿಸಿ ಕಟ್ಟಿದ ಅಟ್ಟಣೆಯ ಮೇಲೆ, ನೆಲದಿಂದ ಸುಮಾರು ಐದು ಮೀಟರ್ ಎತ್ತರದಲ್ಲಿ ನಿಂತು, ಬ್ಯಾಟರ್ ಗ್ಲೌಸ್ ಬಿಗಿದುಕೊಳ್ಳುತ್ತಿದ್ದುದನ್ನು ಪೂರ್ತಿ ಜೂಮ್‌ನಲ್ಲಿ ಹಿಡಿದೆ. ಚಿತ್ರ ಒಂದು ಕಡೆ ನಿಲ್ಲಲಿಲ್ಲ. ಕಿವಿಯಲ್ಲಿದ್ದ ಟಾಕ್‌ಬ್ಯಾಕ್‌ನಲ್ಲಿ ನಿರ್ದೇಶಕರು, ನನ್ನ ಕ್ಯಾಮೆರಾದ ಸಂಖ್ಯೆ ಹಿಡಿದು, "ಎರಡು, ಅಲುಗಾಡ್ತಿದೆ, ಬಿಡಿ" ಎಂದವರೇ ಬೇರೆ ಕ್ಯಾಮೆರಾಕ್ಕೆ ಹೋದರು. ಸ್ಟೆಬಿಲೈಜರಿನ ಸ್ವಿಚ್ ಆನ್ ಆಗಿಯೇ ಇತ್ತು. ಆ ದಿನವೆಲ್ಲ ಲೆನ್ಸೇ ಕೆಟ್ಟಿದೆ ಎಂದುಕೊಂಡಿದ್ದೆ; ತಪ್ಪು ನನ್ನ ಲೆಕ್ಕದಲ್ಲಿತ್ತು.

ಆ ಲೆಕ್ಕವನ್ನು ರಾತ್ರಿ ಕುಳಿತು ಮಾಡಿ ನೋಡಿದೆ. 2000ದಲ್ಲಿ ಕ್ಯಾನನ್ ಕಂಪನಿಯು ಸ್ಟೆಬಿಲೈಜರನ್ನು ಒಳಗೇ ಕೂರಿಸಿ ತಂದ ಡಿಜಿಸೂಪರ್ 86ರಂಥ ಲೆನ್ಸಿನಲ್ಲಿ ಫೋಕಲ್ ಲೆಂಗ್ತ್ (ಇದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) 9.3 ಮಿಲಿಮೀಟರಿನಿಂದ 800 ಮಿಲಿಮೀಟರಿನವರೆಗೆ ಹೋಗುತ್ತದೆ. ಕ್ಯಾಮೆರಾದಲ್ಲಿ ಬಿಂಬ ಬೀಳುವ ಸೆನ್ಸರನ್ನು ಮೂರನೇ ಎರಡು ಇಂಚಿನದು ಎಂದು ಕರೆದರೂ ಅದರ ನಿಜವಾದ ಅಗಲ 9.6 ಮಿಲಿಮೀಟರ್. ಹಾಗಾಗಿ 800ರಲ್ಲಿ, ನೂರು ಮೀಟರ್ ದೂರದಲ್ಲಿರುವ ಬ್ಯಾಟರ್ ಬಳಿ ನಮ್ಮ ಫ್ರೇಮಿನ ಅಗಲ ಬರೀ 1.2 ಮೀಟರ್. ಸುಮಾರು 60 ಸೆಂಟಿಮೀಟರ್ ಉದ್ದದ ಲೆನ್ಸಿನ ಮುಂದಿನ ತುದಿ 0.1 ಮಿಲಿಮೀಟರಿನಷ್ಟು, ಅಂದರೆ ಒಂದು ಹಾಳೆ ಕಾಗದದ ದಪ್ಪದಷ್ಟು ಮೇಲೆದ್ದರೆ, ಎಚ್‌ಡಿ ಚಿತ್ರ 27 ಪಿಕ್ಸೆಲ್‌ಗಳಷ್ಟು ಜಿಗಿಯುತ್ತದೆ. ಫೋಕಲ್ ಲೆಂಗ್ತನ್ನು ಎರಡು ಪಟ್ಟು ಮಾಡುವ ಎಕ್ಸ್‌ಟೆಂಡರ್ ಹಾಕಿದರೆ ಆ ಜಿಗಿತವೂ ಎರಡು ಪಟ್ಟಾಗುತ್ತದೆ. ಅದೇ ಕಂಪನ 9.3ರಲ್ಲಿ ಒಂದು ಪಿಕ್ಸೆಲ್‌ನ ಮೂರನೇ ಒಂದು ಭಾಗವೂ ಆಗುವುದಿಲ್ಲ. ಅಟ್ಟಣೆಯ ಮೇಲೆ ನನ್ನ ಸಹಾಯಕ ಒಂದು ಹೆಜ್ಜೆ ಎತ್ತಿಟ್ಟರೂ ಲೆನ್ಸಿನ ತುದಿ ಅಷ್ಟು ಅಲುಗದೆ ಇರುತ್ತದೆಯೇ?

ಸ್ಟೆಬಿಲೈಜರಿನ ಕೆಲಸ ಈ ಜಿಗಿತವನ್ನು ಲೆನ್ಸಿನೊಳಗೇ ತಡೆಯುವುದು. ಮೇಲೆ ಕೆಳಗಿನ ಅಲುಗಾಟಕ್ಕೊಂದು, ಎಡಬಲದ ಅಲುಗಾಟಕ್ಕೊಂದು, ತಿರುಗುವ ವೇಗವನ್ನು ಅಳೆಯುವ ಗೈರೊ ಸೆನ್ಸರ್ ಇರುತ್ತವೆ; ಅವು ಹೇಳಿದ ವೇಗವನ್ನು ಪುಟ್ಟ ಗಣಕವೊಂದು ಕೋನವಾಗಿ ಪರಿವರ್ತಿಸುತ್ತದೆ; ಆ ಕೋನಕ್ಕೆ ತಕ್ಕಂತೆ ಒಂದು ಗಾಜಿನ ಗುಂಪು ಬೆಳಕಿನ ಹಾದಿಗೆ ಅಡ್ಡಲಾಗಿ ಸರಿದು ಬಿಂಬವನ್ನು ಮರಳಿ ಅದರ ಜಾಗಕ್ಕೆ ತರುತ್ತದೆ. ಇದನ್ನೇ ಆಮೇಲೆ ಎಲೆಕ್ಟ್ರಾನಿಕ್ ಆಗಿ ಮಾಡಿದರೆ ಸಾಲದೇ ಎಂದು ಹೊಸಬರು ಕೇಳುವುದುಂಟು. ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಶಟರ್ ತೆರೆದಿರುವ ಸೆಕೆಂಡಿನ 50ನೇ ಒಂದು ಭಾಗದಲ್ಲೇ ಬಿಂಬ ಸರಿದಿದ್ದರೆ ಮಸುಕು ಚಿತ್ರದಲ್ಲೇ ಅಚ್ಚಾಗಿ ಉಳಿಯುತ್ತದೆ, ಆಮೇಲೆ ಚಿತ್ರವನ್ನು ಎತ್ತ ಸರಿಸಿದರೂ ಅದು ಹೋಗುವುದಿಲ್ಲ. ಅಲ್ಲದೆ ಸರಿಸುವುದಕ್ಕೆ ಜಾಗ ಬೇಕೆಂದು ಚಿತ್ರದ ಅಂಚನ್ನೂ ಕತ್ತರಿಸಬೇಕಾಗುತ್ತದೆ.

ಆದರೆ ಆ ಗಾಜು ಸರಿಯುವುದಕ್ಕೂ ಒಂದು ಮಿತಿಯಿದೆ. ಅಟ್ಟಣೆಯೇ ತೂಗಾಡುತ್ತಿದ್ದರೆ ಗಾಜು ತನ್ನ ಎಲ್ಲೆ ಮುಟ್ಟಿ ನಿಂತುಬಿಡುತ್ತದೆ, ಆಗ ಚಿತ್ರ ಒಮ್ಮೆಲೇ ಹಾರಿದಂತೆ ಕಾಣುತ್ತದೆ. ನನ್ನ ಮೊದಲ ಪಂದ್ಯದಲ್ಲಿ ಆದದ್ದು ಇದೇ.

ಅಲ್ಲಿಂದೀಚೆಗೆ ಪಂದ್ಯದ ಹಿಂದಿನ ದಿನವೇ ಅಟ್ಟಣೆ ಹತ್ತುತ್ತೇನೆ. ಅರ್ಧ ನೀರಿರುವ ಬಾಟಲಿಯೊಂದನ್ನು ಟ್ರೈಪಾಡಿನ ಕಾಲ ಬುಡದಲ್ಲಿಟ್ಟು, ಸ್ಟೆಬಿಲೈಜರ್ ಆಫ್ ಮಾಡಿ, ಎಕ್ಸ್‌ಟೆಂಡರ್ ಹಾಕಿ, ಎದುರಿನ ಸೈಟ್‌ಸ್ಕ್ರೀನಿನ ಅಂಚನ್ನು ಪೂರ್ತಿ ಜೂಮ್‌ನಲ್ಲಿ ಹಿಡಿದು ಕೈ ಬಿಡುತ್ತೇನೆ. ಚಿತ್ರ ನಡುಗುವಾಗ ನೀರೂ ನಡುಗಿದರೆ ದೋಷ ನೆಲದ್ದು: ಅಡ್ಡಪೈಪು ಹಾಕಿಸಬೇಕು, ಬುಡಕ್ಕೆ ಮರಳಿನ ಮೂಟೆ ಹೇರಿಸಬೇಕು, ಜನ ನಿಲ್ಲುವ ಹಲಗೆಯನ್ನು ಟ್ರೈಪಾಡ್ ನಿಂತ ಹಲಗೆಯಿಂದ ಬೇರ್ಪಡಿಸಬೇಕು. ನೀರು ತಣ್ಣಗಿದ್ದು ಚಿತ್ರ ಮಾತ್ರ ನಡುಗಿದರೆ ಕಾರಣ ಮೇಲೆಲ್ಲೋ ಇದೆ. ಹಲವು ಸಲ ಅದು ಗಾಳಿಗೆ ತೂಗುತ್ತ ಕ್ಯಾಮೆರಾವನ್ನು ಎಳೆಯುತ್ತಿರುವ ಕೇಬಲ್ ಆಗಿರುತ್ತದೆ, ಇಲ್ಲವೇ ಪಟಪಟ ಬಡಿದುಕೊಳ್ಳುವ ಮಳೆಹೊದಿಕೆ. ಕೇಬಲನ್ನು ಒಂದು ಸುತ್ತು ಸಡಿಲ ಬಿಟ್ಟು ಟ್ರೈಪಾಡಿನ ಕಾಲಿಗೆ ಕಟ್ಟಿದರೆ ಅರ್ಧ ನಡುಕ ಅಲ್ಲಿಗೇ ನಿಲ್ಲುತ್ತದೆ. 20 ಕಿಲೋಗ್ರಾಂ ದಾಟುವ ಲೆನ್ಸನ್ನು ಟ್ರೈಪಾಡಿನ ತುದಿಯಲ್ಲಿರುವ ಹೆಡ್ಡಿನ ಮೇಲೆ ಸಮತೂಕಕ್ಕೆ ತರುವುದಕ್ಕೆ ಕಾಲು ಗಂಟೆ ಹೋದರೂ ಅದು ದಂಡವಲ್ಲ. ಇಷ್ಟಾದ ಮೇಲೆ ಉಳಿಯುವ ಸಣ್ಣ ನಡುಕವಷ್ಟೇ ಸ್ಟೆಬಿಲೈಜರಿನ ಪಾಲು, ಅದನ್ನು ಅದು ಸೊಗಸಾಗಿ ತೆಗೆಯುತ್ತದೆ.

ಸ್ಟೆಬಿಲೈಜರನ್ನು ಯಾವಾಗ ಆಫ್ ಮಾಡಬೇಕು ಎಂಬುದನ್ನು ಕಲಿಯಲು ನನಗೆ ಹೆಚ್ಚು ಕಾಲ ಹಿಡಿಯಿತು. ಗೈರೊಗೆ ಪ್ಯಾನ್, ಅಂದರೆ ಕ್ಯಾಮೆರಾವನ್ನು ಎಡಬಲಕ್ಕೆ ತಿರುಗಿಸುವುದು ಕೂಡ ಒಂದು ಅಲುಗಾಟವೇ. ಬೇಕೆಂದು ತಿರುಗಿಸುವುದನ್ನೂ ಬೇಡದ ಕಂಪನವನ್ನೂ ಬೇರೆ ಮಾಡಿ ನೋಡುವ ಜಾಣ್ಮೆ ಲೆನ್ಸುಗಳಲ್ಲಿ ಬಂದಿದೆಯಾದರೂ, ಬ್ಯಾಟಿಗೆ ತಗುಲಿ ಹಾರಿದ ಚೆಂಡನ್ನು ಬೆನ್ನಟ್ಟುವಾಗ ಚಿತ್ರ ಮೊದಲು ಒಂದು ಚೂರು ಹಿಂದೆಳೆದು, ನಿಲ್ಲಿಸಿದ ಮೇಲೆ ಒಂದು ಚೂರು ಮುಂದೆ ಜಾರಿ ಮರಳುವ ಅನುಭವ ನನಗಾಗಿದೆ. ಅದಕ್ಕಾಗಿ ಚೆಂಡು ಆಟದಲ್ಲಿರುವಾಗ ಆಫ್ ಮಾಡುತ್ತೇನೆ. ಎರಡು ಎಸೆತಗಳ ನಡುವೆ ಮುಖವನ್ನೋ ಕೈಯನ್ನೋ ಹಿಡಿಯುವಾಗ ಆನ್ ಮಾಡುತ್ತೇನೆ. ಗಟ್ಟಿ ಕಾಂಕ್ರೀಟ್ ನೆಲದ ಮೇಲೆ, ಗಾಳಿಯಿಲ್ಲದ ಹೊತ್ತಿನಲ್ಲಿ ಅದರ ಅಗತ್ಯವೇ ನನಗೆ ಕಂಡಿಲ್ಲ.

ಮಧ್ಯಾಹ್ನದ ಝಳದ ಮಾತೇ ಬೇರೆ. ಕಾದ ನೆಲದ ಮೇಲಿನ ಗಾಳಿಯಲ್ಲಿ ಸ್ಟಂಪುಗಳು ನೀರಿನಡಿಯ ಕಡ್ಡಿಗಳಂತೆ ಬಳುಕುತ್ತವೆ, ಆದರೆ ಫ್ರೇಮ್ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಬೆಳಕು ಲೆನ್ಸಿಗೆ ಬರುವ ದಾರಿಯಲ್ಲೇ ಬಾಗಿರುವುದರಿಂದ ಅದನ್ನು ಯಾವ ಗೈರೊ ಕೂಡ ಅರಿಯದು. ಆಗ ಶಾಟನ್ನು ಅಗಲ ಮಾಡುವುದೊಂದೇ ದಾರಿ.

ಗೈರೊ ತನ್ನ ಮೈಯ ಅಲುಗಾಟವನ್ನಷ್ಟೇ ಅಳೆಯುತ್ತದೆ ಎಂಬ ಇದೇ ಮಾತು ಎಷ್ಟು ದೊಡ್ಡ ವರವೆಂದು ನನಗೆ ಮನದಟ್ಟಾದದ್ದು ಮೈಸೂರು ದಸರೆಯ ಜಂಬೂಸವಾರಿಯಲ್ಲಿ. 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿ ಆನೆಯ ಹೆಜ್ಜೆಹೆಜ್ಜೆಗೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತದೆ. ಆ ತೂಗು ಹೋದರೆ ಮೆರವಣಿಗೆಯ ಜೀವವೇ ಹೋದಂತೆ. ಸುತ್ತಲಿನ ಜನರ ನೂಕುನುಗ್ಗಲಿಗೆ ನನ್ನ ಕಾಲಡಿಯ ಹಲಗೆ ನಡುಗುತ್ತಿತ್ತು. ಸ್ಟೆಬಿಲೈಜರ್ ಆನ್ ಮಾಡಿ, ಪ್ಯಾನಿನ ಹಿಡಿತವನ್ನು ಬಿಗಿ ಮಾಡಿ, ಅಂಬಾರಿಯೊಳಗಿನ ಚಾಮುಂಡೇಶ್ವರಿಯ ಮುಖಕ್ಕೆ ನಿಧಾನವಾಗಿ ಜೂಮ್ ಮಾಡಿದೆ. ಹಲಗೆಯ ನಡುಕ ಚಿತ್ರದಿಂದ ಮಾಯವಾಯಿತು, ಅಂಬಾರಿಯ ತೂಗು ಹಾಗೇ ಉಳಿಯಿತು. ಟಾಕ್‌ಬ್ಯಾಕ್‌ನಲ್ಲಿ "ಎರಡು, ಹಾಗೇ ಇರಲಿ, ಬಿಡಬೇಡಿ" ಎಂದರು. ಆನೆ ನನ್ನ ಮುಂದೆ ಹಾದು ಹೋಗುವವರೆಗೂ ಆ ಶಾಟ್ ಪ್ರಸಾರದಲ್ಲಿತ್ತು.