ಮೆಟ್ಟಿಲಿನ ರೇಲಿಂಗ್‌ಗೆ ಸರಳು ಕೂರಿಸಿದ ಬಗೆ

ನಮ್ಮ ಮನೆಯ ಮೆಟ್ಟಿಲಿಗೆ ಮರದ ರೇಲಿಂಗ್ ನಾನೇ ಕೂರಿಸಿದೆ. ತೂತು ಕೊರೆಯುವುದು, ಅಂಟು ಹಾಕುವುದು ಕೈಕೆಲಸ. ತಲೆ ಓಡಿಸಬೇಕಾಗಿ ಬಂದದ್ದು ಯಾವ ಸರಳು ಎಲ್ಲಿ ನಿಲ್ಲಬೇಕು ಎನ್ನುವುದಕ್ಕೆ.

ಎರಡು ಸರಳುಗಳ ನಡುವೆ 100 ಮಿ.ಮೀ. ಅಡ್ಡಳತೆಯ ಗೋಲ ತೂರಬಾರದು. ಹಲವು ದೇಶಗಳ ಕಟ್ಟಡ ನಿಯಮಗಳು ಹೇಳುವುದೂ ಹೆಚ್ಚುಕಮ್ಮಿ ಇದನ್ನೇ. ಪುಟ್ಟ ಮಗುವಿನ ಮೈ ತೂರುವಷ್ಟು ಸಂದು ಬಿಟ್ಟರೆ ತಲೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಮಗು ಕೆಳಗೆ ಬೀಳುತ್ತದೆ. ಅಂದಮೇಲೆ, ಮೊದಲು ಈ ಲೆಕ್ಕ.

ನಮ್ಮ ಟ್ರೆಡ್ (ಮೆಟ್ಟಿಲಿನ ಮೇಲೆ ಕಾಲಿಡುವ ಜಾಗ) 250, ರೈಸರ್ (ಮೆಟ್ಟಿಲಿನ ನೆಟ್ಟಗಿನ ಮುಖ) 175, ಸರಳಿನ ದಪ್ಪ 32 ಮಿ.ಮೀ. ಟ್ರೆಡ್‌ಗೆ ಎರಡರಂತೆ ಹಾಕಿದರೆ ಮಧ್ಯದಿಂದ ಮಧ್ಯಕ್ಕೆ 125, ಸಂದು 93. ಸಾಕು. ಟ್ರೆಡ್ 280 ಇದ್ದಿದ್ದರೆ ಸಂದು 108 ಆಗಿ, ಮೂರು ಸರಳು ಬೇಕಾಗುತ್ತಿತ್ತು. ಪ್ರತಿ ಟ್ರೆಡ್‌ನಲ್ಲೂ ಮೊದಲ ಸರಳಿನ ಮುಂಬದಿಯನ್ನು ಕೆಳಗಿನ ರೈಸರ್‌ನ ಮುಖಕ್ಕೆ ಸರಿಯಾಗಿ ನಿಲ್ಲಿಸಿದೆ. ಎರಡನೆಯದು ಅಲ್ಲಿಂದ 125ಕ್ಕೆ. ಮೇಲಿನ ಟ್ರೆಡ್‌ಗೆ ಹೋದಾಗಲೂ ಅದೇ ಅಂತರ ತಾನಾಗಿ ಮುಂದುವರಿಯುತ್ತದೆ.

ಗುರುತುಗಳನ್ನು ಹ್ಯಾಂಡ್‌ರೇಲ್‌ಗೆ ಒಯ್ಯುವಾಗ ಟೇಪು ಬಳಸಲಿಲ್ಲ. ರೇಲನ್ನು ತಾತ್ಕಾಲಿಕವಾಗಿ ಬಿಗಿದು, ಅದರ ತಳದಿಂದ ತೂಗುಗುಂಡು ಇಳಿಬಿಟ್ಟು, ಅದರ ಮೊನೆ ಟ್ರೆಡ್‌ನ ಗುರುತಿನ ಮೇಲೆ ನಿಂತ ಮೇಲೆಯೇ ಪೆನ್ಸಿಲ್ ಎಳೆದೆ. ರೇಲು 35 ಡಿಗ್ರಿ ಓರೆ. ಹಾಗಾಗಿ ಕೆಳಗಿನ 125 ಅಲ್ಲಿ ಸುಮಾರು 153 ಆಗುತ್ತದೆ. ಓರೆಯಲ್ಲೇ 125 ಅಳೆದರೆ ಸರಳುಗಳೆಲ್ಲ ವಾಲುತ್ತವೆ. ಒಂದೇ ಟ್ರೆಡ್‌ನ ಎರಡನೆಯ ಸರಳು ಮೊದಲನೆಯದಕ್ಕಿಂತ ರೈಸರ್‌ನ ಅರ್ಧದಷ್ಟು, ಅಂದರೆ 87.5 ಮಿ.ಮೀ. ಉದ್ದ ಬೇಕು. ಆದರೂ ಪ್ರತಿಯೊಂದನ್ನೂ ಅದರ ಜಾಗದಲ್ಲೇ ಹಿಡಿದು ಗುರುತು ಹಾಕಿ ಕೊಯ್ದೆ. ಟ್ರೆಡ್‌ಗಳು ಎಲ್ಲೆಡೆ ಅಷ್ಟು ಸಮವಾಗಿರುವುದಿಲ್ಲ.

ಮೇಲಿನ ಸಮತಟ್ಟಿನ ಭಾಗದ ಲೆಕ್ಕ ಬೇರೆ. ಎರಡು ದೊಡ್ಡ ಕಂಬಗಳ ನಡುವೆ 1150 ಮಿ.ಮೀ. ಇತ್ತು. ಎಂಟು ಸರಳು ಹಾಕಿದರೆ ಒಂಬತ್ತು ಸಂದು, ಒಂದೊಂದೂ 99.3. ಮಿತಿಯೊಳಗೇ ಇದೆ ನಿಜ, ಆದರೆ ಒಂದು ಸರಳು ಕೂದಲೆಳೆ ಸರಿದರೂ 100 ದಾಟುತ್ತದೆ. ಒಂಬತ್ತು ಹಾಕಿದೆ, ಸಂದು 86ಕ್ಕೆ ಇಳಿಯಿತು. ಇಲ್ಲಿ ಒಂದು ಸರಳಿನಿಂದ ಮುಂದಿನದಕ್ಕೆ ಅಳೆಯುತ್ತಾ ಹೋಗಲಿಲ್ಲ. ಎಲ್ಲ ಅಳತೆಯೂ ಒಂದೇ ಕಂಬದಿಂದ. ಇಲ್ಲದಿದ್ದರೆ ಅರ್ಧರ್ಧ ಮಿಲಿಮೀಟರ್ ಕೂಡಿಕೊಂಡು ಕೊನೆಯ ಸಂದಿಗೆ ಬಂದು ಬೀಳುತ್ತದೆ.

ಅಂಟು ಒಣಗುವವರೆಗೆ ಸರಳುಗಳ ನಡುವೆ ಅದೇ ಅಗಲದ ಮರದ ತುಂಡು ಸಿಕ್ಕಿಸಿಟ್ಟು, ಪ್ರತಿ ಸರಳಿಗೂ ಎರಡು ಬದಿಯಲ್ಲಿ ರಸಮಟ್ಟ ಹಿಡಿದು ನೋಡಿದೆ.