ಮಳೆಗಾಲದ ಚಪ್ಪಲಿ, ಬೂಟು: ಮೊದಲು ಒಣಗಲಿ, ಆಮೇಲೆ ರಿಪೇರಿ

ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್‌ನ ಜೋರು ಮಳೆಯಲ್ಲಿ, ಕೊಡಗಿನ ಯಾವ ಮನೆ ಬಾಗಿಲಲ್ಲಿ ನೋಡಿದರೂ ಒದ್ದೆ ಚಪ್ಪಲಿಗಳದ್ದೇ ಸಾಲು. ಇಲ್ಲಿ ಅವು ಸವೆದು ಹಾಳಾಗುವುದಕ್ಕಿಂತ ನೆನೆದು ಹಾಳಾಗುವುದೇ ಜಾಸ್ತಿ. ಹಾಗಾಗಿ ಗಮ್ ಹುಡುಕುವ ಮೊದಲು ಒಣಗಿಸಿ. ತೇವದ ಮೇಲೆ ಯಾವ ಗಮ್ಮೂ ನಿಲ್ಲುವುದಿಲ್ಲ.

ರಬ್ಬರ್ ಚಪ್ಪಲಿಯ ಕೆಸರನ್ನು ಹಸಿ ಇರುವಾಗಲೇ ತೊಳೆದುಬಿಡಿ. ಲೆದರ್ ಶೂ ಆದರೆ ಕೆಸರು ಒಣಗಲು ಬಿಟ್ಟು ಬ್ರಷ್‌ನಿಂದ ಉದುರಿಸಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಒಳಗಿನ ಅಟ್ಟೆ ಹೊರತೆಗೆದು, ಶೂ ಒಳಗೆ ಹಳೇ ಪೇಪರ್ ತುರುಕಿ. ಪೇಪರ್ ಒದ್ದೆಯಾದಂತೆಲ್ಲ ಬದಲಾಯಿಸಿ. ಒಲೆ ಪಕ್ಕ ಒಣಗಿಸುವ ಅಭ್ಯಾಸ ನಮ್ಮಲ್ಲಿದೆ, ಆದರೆ ಬಿಸಿ ಜಾಸ್ತಿಯಾದರೆ ಲೆದರ್ ಬಿರುಕು ಬಿಡುತ್ತದೆ, ಗಮ್ ಸಡಿಲವಾಗುತ್ತದೆ. ನಿಮ್ಮ ಕೈಗೆ ಹಿತವಾಗಿ ಬೆಚ್ಚಗಿರುವಷ್ಟು ದೂರದಲ್ಲಿಟ್ಟರೆ ಸಾಕು.

ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆಂದು ಬೀರುವಿನಿಂದ ಶೂ ತೆಗೆದರೆ ಮೈತುಂಬ ಬೂಷ್ಟು, ಅಲ್ವಾ? ಅದನ್ನು ಮನೆಯೊಳಗೆ ಕೊಡವಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಬ್ರಷ್ ಮಾಡಿ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಹಿಂಡಿ ಒರೆಸಿ. ಮೊದಲು ಕಾಣದ ಜಾಗದಲ್ಲಿ ಒರೆಸಿ, ಬಣ್ಣ ಹೋಗುತ್ತದೆಯೇ ನೋಡಿಕೊಳ್ಳಿ. ನೆರಳಲ್ಲಿ ಒಣಗಿಸಿ ಪಾಲಿಶ್ ಹಚ್ಚಿ. ಮತ್ತೆ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟರೆ ಮಾಡಿದ್ದೆಲ್ಲ ದಂಡ. ಗಾಳಿಯಾಡುವ ಬಟ್ಟೆ ಚೀಲ ಒಳ್ಳೆಯದು.

ಸೋಲ್ ಬಾಯಿ ಬಿಟ್ಟಿದ್ದರೆ ಸ್ವಲ್ಪ ತಾಳ್ಮೆ ಬೇಕು. ಹಳೇ ಗಮ್ಮನ್ನು ಚಾಕುವಿನಿಂದ ಕೆರೆದು ತೆಗೆಯಿರಿ. ಎರಡೂ ಕಡೆ ಮರಳು ಕಾಗದದಿಂದ ಉಜ್ಜಿ ಒರಟು ಮಾಡಿ, ಧೂಳು ಒರೆಸಿ. ಶೂ ಸೋಲ್‌ಗೆ ಹಾಕುವ ರಬ್ಬರ್ ಗಮ್ಮನ್ನು ಎರಡೂ ಕಡೆ ತೆಳುವಾಗಿ ಹಚ್ಚಿ. ತಕ್ಷಣ ಒತ್ತಬೇಡಿ! ಬೆರಳಿಗೆ ಹತ್ತದಷ್ಟು ಆರಲಿ, ಸಾಮಾನ್ಯವಾಗಿ 10–15 ನಿಮಿಷ. ಮಳೆಯ ದಿನ ಇನ್ನೂ ಹೊತ್ತು ಹಿಡಿಯುತ್ತದೆ. ಆಮೇಲೆ ಗಟ್ಟಿಯಾಗಿ ಒತ್ತಿ, ಹಳೇ ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿ 24 ಗಂಟೆ ಬಿಡಿ. ಎರಡು ಹನಿ ಹಾಕಿದರೆ ಕ್ಷಣದಲ್ಲಿ ಅಂಟುವ ಗಮ್ ಇದಕ್ಕೆ ಬೇಡ. ಅದು ಒಣಗಿ ಪೆಡಸಾಗುತ್ತದೆ, ಕಾಲು ಮಡಚಿದಾಗ ಒಡೆಯುತ್ತದೆ.

ಹವಾಯಿ ಚಪ್ಪಲಿಯ ಪಟ್ಟಿ ಕಿತ್ತರೆ ಪಿನ್ ಚುಚ್ಚುವುದು ಮನೆ ಮುಟ್ಟುವವರೆಗೆ ಮಾತ್ರ. ಹೊಸ ಪಟ್ಟಿಯ ಗುಂಡಿಗೆ ಸೋಪಿನ ನೀರು ಸವರಿ ಎಳೆದರೆ ಸುಲಭವಾಗಿ ತೂರುತ್ತದೆ. ಅಟ್ಟೆ ತೆಳುವಾಗಿದ್ದರೆ ಬೇರೆ ಚಪ್ಪಲಿಯನ್ನೇ ಕೊಳ್ಳಿ. ಸವೆದ ಅಟ್ಟೆಯಲ್ಲಿ ಪಾಚಿ ಹಿಡಿದ ಅಂಗಳ ದಾಟುವುದು ಅಪಾಯ.

ತೋಟಕ್ಕೆ ಹಾಕುವ ಗಂಬೂಟಿಗೆ ತೂತಾಗಿದೆಯೇ? ಒಳಗೆ ನೀರು ತುಂಬಿಸಿ, ಸೋರುವ ಜಾಗಕ್ಕೆ ಗುರುತು ಹಾಕಿ, ಒಣಗಿಸಿ. ರಬ್ಬರ್ ಬೂಟಾದರೆ ಸೈಕಲ್ ಪಂಕ್ಚರ್ ಹಾಕುವ ಪ್ಯಾಚ್ ಮತ್ತು ಸೊಲ್ಯೂಷನ್ ಸಾಕು. ಪಿವಿಸಿ ಬೂಟಿಗೆ ಅದು ಸರಿಯಾಗಿ ಹಿಡಿಯುವುದಿಲ್ಲ, ಪಿವಿಸಿಗೆಂದೇ ಇರುವ ಗಮ್ ಕೇಳಿ ತನ್ನಿ. ರಿಪೇರಿಯಾದ ಬೂಟನ್ನು ತಲೆಕೆಳಗಾಗಿ ಇಡಿ, ಬೆಳಿಗ್ಗೆ ಕಾಲು ತೂರಿಸುವ ಮುಂಚೆ ಒಮ್ಮೆ ಬಡಿದು ಕೊಡವಿ. ಒಳಗೆ ಕಪ್ಪೆಯೋ ಚೇಳೋ ಕೂತಿರಬಹುದು.